ಬ್ಲೌಸ್ ಪೀಸು ಕತ್ತರಿಸಿ ಕಲಾವಿದನಾದೆ

ಕತ್ತರಿಸಿ ಅಂಟಿಸುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ತುಮಕೂರು ಜಿಲ್ಲೆಯಲ್ಲೇ ಇಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬಲು ಕಾರಣವೂ ಇತ್ತು. ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ನಾನು ಪ್ಯಾಕಿಂಗ್ ಸೆಕ್ಷನ್ನಿನ ಸೂಪರ್‌ವೈಸರ್. ನನ್ನ ಕಣ್ಣೆದುರು ಟೇಪು ಸುತ್ತಿಸಿಕೊಂಡು ಹೊರಟ ರಟ್ಟಿನ ಡಬ್ಬ ದಾರಿಯಲ್ಲಿ ಬಾಯಿ ಬಿಟ್ಟಿತು ಎಂಬ ದೂರು ಇವತ್ತಿನವರೆಗೆ ಬಂದಿಲ್ಲ. ಬಂದಿದ್ದರೂ ನನ್ನ ಟೇಬಲ್ಲಿನವರೆಗೆ ಬಂದಿಲ್ಲ. ಇಂಥವನಿಗೆ ಒಂದು ಸ್ಕ್ರಾಪ್‌ಬುಕ್ ಮಾಡುವುದು ಯಾವ ಮಹಾ ಕೆಲಸ!

ಸ್ಕ್ರಾಪ್‌ಬುಕ್ ಎಂದರೆ ಫೋಟೋ ಆಲ್ಬಮ್ಮಿನ ಅಲಂಕಾರಪ್ರಿಯ ತಂಗಿ. ದಪ್ಪ ಹಾಳೆಗಳ ಮೇಲೆ ಫೋಟೋ ಅಂಟಿಸಿ, ಸುತ್ತ ಬಣ್ಣದ ಕಾಗದ, ಲೇಸು, ಹೂವು, ಬಟ್ಟೆ ಏನೇನು ಸಿಗುತ್ತದೋ ಅದನ್ನೆಲ್ಲ ಮೆತ್ತುವುದು. ನನಗೆ ಈ ಹುಚ್ಚು ಹತ್ತಿದ್ದು ನನ್ನ ಅಕ್ಕ ಪಾರ್ವತಮ್ಮನಿಂದ. ನಿಟ್ಟೂರಿನಲ್ಲಿ ಅಂಗನವಾಡಿ ಟೀಚರ್ ಆಗಿದ್ದ ಅವಳು ಈ ವರ್ಷ ನಿವೃತ್ತಳಾದಳು. ನಾನು ಐಟಿಐ ಓದುವಾಗ ಅವಳ ಮನೆಯಲ್ಲೇ ಇದ್ದವನು. ದಿನವೂ ಬೆಳಗಿನ ರೈಲು ಹಿಡಿದು ತುಮಕೂರಿಗೆ ಬರಬೇಕು. ಅಕ್ಕ ನನಗಿಂತ ಮುಂಚೆ ಎದ್ದು, ರಾಗಿ ರೊಟ್ಟಿ ತಟ್ಟಿ, ಕ್ಯಾರಿಯರ್ ಕಟ್ಟಿ, ತಲೆ ಬಾಚಿಕೊಳ್ಳುತ್ತ ನಿಂತ ನನ್ನನ್ನು ಮನಸಾರೆ ಬೈದು, ಆಮೇಲೆ ತನ್ನ ಮಕ್ಕಳನ್ನು ಎಬ್ಬಿಸುತ್ತಿದ್ದಳು. ಆ ಕ್ಯಾರಿಯರ್ ಇಲ್ಲದಿದ್ದರೆ ನಾನು ಐಟಿಐ ಮುಗಿಸುತ್ತಿರಲಿಲ್ಲ, ಈ ಕೆಲಸವೂ ಇರುತ್ತಿರಲಿಲ್ಲ. ಇದನ್ನು ಅವಳಿಗೆ ನಾನು ಒಂದು ದಿನವೂ ಹೇಳಿಲ್ಲ. ನಮ್ಮ ಮನೆತನದಲ್ಲಿ ಅಕ್ಕಂದಿರಿಗೆ ಥ್ಯಾಂಕ್ಸ್ ಹೇಳುವ ಪದ್ಧತಿಯೇ ಇಲ್ಲ. ಹಬ್ಬಕ್ಕೆ ಸೀರೆ ಕೊಟ್ಟು, ಮುಖ ಆ ಕಡೆ ತಿರುಗಿಸಿಕೊಳ್ಳುವುದೇ ರೂಢಿ.

ಈ ಸಲ ಹಾಗಾಗಬಾರದು ಎಂದು ತೀರ್ಮಾನಿಸಿದೆ. ತುಮಕೂರಿನ ನಮ್ಮ ಮನೆಯಲ್ಲೇ ಒಂದು ಊಟ ಹಾಕಿಸುವುದು, ಗುಬ್ಬಿ ಕುಣಿಗಲ್ ಕಡೆಯ ನೆಂಟರನ್ನೆಲ್ಲ ಕರೆಯುವುದು, ಎಲ್ಲರ ಮುಂದೆ ಅಕ್ಕನ ಕೈಗೆ ನನ್ನ ಕೈಯಾರೆ ಮಾಡಿದ ಪುಸ್ತಕ ಕೊಡುವುದು. ಬಾಯಲ್ಲಿ ಹೇಳಲಾಗದ್ದನ್ನು ಅಂಟಿಸಿ ಹೇಳುವುದು!

ನನ್ನ ಹೆಂಡತಿ ಗಿರಿಜಾ ಇದನ್ನು ಕೇಳಿ, "ಒಳ್ಳೇದು ರೀ, ಮಾಡಿ" ಎಂದಳು. ಅವಳು ಹೀಗೆ ಒಂದೇ ಮಾತಿಗೆ ಒಪ್ಪಿದಾಗ ನಾನು ಎಚ್ಚರಗೊಳ್ಳಬೇಕಿತ್ತು.

ಕಲಿಯಲು ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಎಲ್ಲ ವಿಡಿಯೋಗಳ ಉಪದೇಶವೂ ಒಂದೇ. ಬೇರೆಯವರದ್ದನ್ನು ನಕಲು ಮಾಡಬೇಡಿ, ನಿಮ್ಮದೇ ಶೈಲಿ ಹುಡುಕಿಕೊಳ್ಳಿ. ಕಾರ್ಖಾನೆಯಲ್ಲಿ ಇಷ್ಟು ವರ್ಷ ಎಲ್ಲ ಡಬ್ಬವೂ ಒಂದೇ ತರ ಕಾಣಬೇಕು ಎಂದು ಕೂಗಾಡಿದ ನನಗೆ ಆ ಮಾತು ಕೇಳಿ ಮೈ ಜುಮ್ಮೆಂದಿತು. ನನ್ನೊಳಗೂ ಒಂದು ಶೈಲಿ ಇದೆ, ಅದು ಹೊರಬರಲು ಒದ್ದಾಡುತ್ತಿದೆ ಅನ್ನಿಸಿತು.

ಮೊದಲು ಹಿಡಿದದ್ದು ಪ್ರಾಚೀನ ಶೈಲಿ. ಹಾಳೆಯನ್ನು ಟೀಯಲ್ಲಿ ಅದ್ದಿ ಒಣಗಿಸಿದರೆ ತಾತನ ಕಾಲದ ಕಾಗದದ ಹಾಗೆ ಕಾಣುತ್ತದಂತೆ. ಗಿರಿಜಾಳಿಗೆ ಒಂದು ಪಾತ್ರೆ ಟೀ ಮಾಡಲು ಹೇಳಿದೆ. ಯಾಕೆಂದು ಹೇಳಲಿಲ್ಲ, ಅವಳು ಕೇಳಲೂ ಇಲ್ಲ. ಗಟ್ಟಿ ಹಾಲು, ಸಕ್ಕರೆ, ಶುಂಠಿ, ಏಲಕ್ಕಿ ಹಾಕಿ ಮದುವೆ ಮನೆಯ ಟೀಯನ್ನೇ ಮಾಡಿಕೊಟ್ಟಳು. ನಾನು ಅದರಲ್ಲಿ ಹಾಳೆಗಳನ್ನು ಭಕ್ತಿಯಿಂದ ಅದ್ದಿ ತಾರಸಿಯ ಮೇಲೆ ಒಣಹಾಕಿದೆ. ಸಂಜೆ ಹೋಗಿ ನೋಡಿದರೆ ಹಾಳೆ ಕಂದು ಬಣ್ಣವಾಗಿರಲಿಲ್ಲ, ಕಪ್ಪಾಗಿತ್ತು. ಹತ್ತಿರ ಬಗ್ಗಿದೆ. ಕಪ್ಪು ಓಡಾಡುತ್ತಿತ್ತು! ಬಡಾವಣೆಯ ಇರುವೆಗಳೆಲ್ಲ ಅಲ್ಲಿ ನೆರೆದಿದ್ದವು.

"ಹಾಲು ಸಕ್ಕರೆ ಯಾಕೆ ಹಾಕ್ದೆ?" ಎಂದು ರೇಗಿದೆ.

"ಟೀ ಅಂದ್ರಲ್ಲ ರೀ. ಹಾಲು ಸಕ್ಕರೆ ಇಲ್ದಿದ್ರೆ ಅದನ್ನ ಕಷಾಯ ಅಂತಾರೆ. ಕಷಾಯ ಬೇಕು ಅನ್ಬೇಕಿತ್ತು" ಎಂದಳು.

ಎರಡನೆಯದು ಪ್ರಕೃತಿ ಶೈಲಿ. ಹೂವು ಎಲೆಗಳನ್ನು ಭಾರದ ಅಡಿಯಲ್ಲಿಟ್ಟು ಒಣಗಿಸಬೇಕು. ಮನೆಯಲ್ಲಿ ಅತಿ ಭಾರದ ವಸ್ತು ಹಾಸಿಗೆಯೇ. ನನ್ನ ಕಡೆ ಹಾಸಿಗೆಗೆ ಗುಂಡಿ ಬಿದ್ದಿದ್ದರಿಂದ, ವೈಜ್ಞಾನಿಕ ಕಾರಣಗಳಿಗಾಗಿ, ಚೆಂಡು ಹೂವು, ದಾಸವಾಳ, ಒಂದೆರಡು ಹುಣಸೆ ಕಡ್ಡಿಗಳನ್ನು ಗಿರಿಜಾಳ ಕಡೆ ಹಾಸಿಗೆಯಡಿ ಹರಡಿದೆ. ಕೆಲವೇ ದಿನಗಳಲ್ಲಿ ಅವಳು ಸೊಂಟ ನೋವೆಂದು ಮುಲಾಮು ಹಚ್ಚಿಕೊಳ್ಳತೊಡಗಿದಳು. ಡಾಕ್ಟರ ಹತ್ತಿರ ಹೋಗೋಣ ಎಂದು ನಾನೇ ಕಾಳಜಿಯಿಂದ ಹೇಳಿದೆ. ಹೋಗುವ ಮುಂಚೆ ಅವಳು ಹಾಸಿಗೆ ಕೊಡವಿದಳು. ಆ ನಂತರ ನಡೆದ ಸಂಭಾಷಣೆ ಏಕಪಕ್ಷೀಯವಾದದ್ದು, ಅದನ್ನು ಇಲ್ಲಿ ಬರೆಯುವುದಿಲ್ಲ.

ಊಟದ ದಿನ ಹತ್ತಿರ ಬಂತು. ಇಷ್ಟರಲ್ಲಿ ಫೋಟೋಗಳನ್ನು ಮಾತ್ರ ನೆಂಟರ ಮನೆಗಳಿಂದ ಕೇಳಿ ಕೇಳಿ ಒಟ್ಟು ಮಾಡಿದ್ದೆ. ಆಗ ಒಂದು ವಿಷಯ ಗಮನಕ್ಕೆ ಬಂತು. ಯಾರ ಮದುವೆಯಿರಲಿ, ನಾಮಕರಣವಿರಲಿ, ಫೋಟೋದಲ್ಲಿ ಅಕ್ಕ ಇರುತ್ತಾಳೆ, ಆದರೆ ಅಂಚಿನಲ್ಲಿ. ಸಾರಿನ ಬಕೆಟ್ಟು ಹಿಡಿದು ಬಗ್ಗಿರುತ್ತಾಳೆ, ಇಲ್ಲವೇ ಯಾರದ್ದೋ ಅಳುವ ಮಗುವನ್ನು ಎತ್ತಿಕೊಂಡು ಬೇರೆ ಕಡೆ ನೋಡುತ್ತಿರುತ್ತಾಳೆ. ಮುಖ ಪೂರ್ತಿ ಕಾಣುವ ಫೋಟೋಗಳು ಬಹಳ ಕಡಿಮೆ. ಈ ಫೋಟೋಗಳಿಗೆ ಸಾಧಾರಣ ಕಾಗದದ ಅಲಂಕಾರ ಸಾಲದು, ಏನಾದರೂ ಶ್ರೀಮಂತವಾದದ್ದೇ ಬೇಕು ಎಂದು ಹಟ ಹುಟ್ಟಿತು.

ಅಂಥ ಹೊತ್ತಿನಲ್ಲೇ ನನ್ನ ಕಣ್ಣಿಗೆ ಬಿದ್ದದ್ದು ಬೀರುವಿನ ಮೇಲಿನ ಸೂಟ್‌ಕೇಸು. ಅದರ ತುಂಬ ಬ್ಲೌಸ್ ಪೀಸುಗಳು!

ನಮ್ಮ ಕಡೆಯ ಬ್ಲೌಸ್ ಪೀಸಿನ ಜೀವನಚರಿತ್ರೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮನೆಗೆ ಬಂದ ಮುತ್ತೈದೆಯರಿಗೆ ಅರಿಶಿನ ಕುಂಕುಮ, ಎಲೆ ಅಡಿಕೆ, ತೆಂಗಿನಕಾಯಿ ಜೊತೆ ಒಂದು ಬ್ಲೌಸ್ ಪೀಸು ಕೊಡುತ್ತಾರೆ. ಅವರು ಅದನ್ನು ಹೊಲಿಸುವುದಿಲ್ಲ. ಮಡಿಕೆ ಬಿಚ್ಚದೆ ಎತ್ತಿಟ್ಟು ತಮ್ಮ ಮನೆಗೆ ಬಂದವರಿಗೆ ಕೊಡುತ್ತಾರೆ. ಅವರು ಇನ್ನೊಬ್ಬರಿಗೆ. ಹೀಗೆ ಗುಬ್ಬಿಯ ಗೃಹಪ್ರವೇಶದಿಂದ ಹೊರಟ ಪೀಸು ಕುಣಿಗಲ್ಲಿನ ಸೀಮಂತಕ್ಕೆ ಹೋಗಿ, ಅಲ್ಲಿಂದ ಕೊತ್ತಗೆರೆಯ ನಾಮಕರಣ ಮುಗಿಸಿ, ತುಮಕೂರಿಗೆ ವಾಪಸು ಬರುತ್ತದೆ. ಒಂದು ಮೆರೂನ್ ಬಣ್ಣದ ಪೀಸು ನಮ್ಮ ಮನೆಗೇ ತಿರುಗಿ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ಇದನ್ನ ಯಾರೂ ಹೊಲಿಸಲ್ಲ ರೀ, ಸುತ್ತಾ ಇರುತ್ತೆ" ಎಂದು ಗಿರಿಜಾ ಅಂದು ನಗುತ್ತ ಹೇಳಿದ್ದಳು.

ನನ್ನ ತರ್ಕ ಸರಳವಾಗಿತ್ತು. ಯಾರೂ ಬಿಚ್ಚದ ಬಟ್ಟೆಯ ಒಳಮಡಿಕೆಯಲ್ಲಿ ಏನಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಪ್ರತಿ ಪೀಸಿನ ಹೊಟ್ಟೆಯೊಳಗಿಂದ ಒಂದೇ ಒಂದು ಚೂರು ತೆಗೆದುಕೊಂಡರೆ ಅದು ಜೀವಮಾನವಿಡೀ ಊರೂರು ಸುತ್ತಿದರೂ ಪತ್ತೆಯಾಗದು. ಇಷ್ಟು ಸುರಕ್ಷಿತವಾದ ಅಪರಾಧ ಪ್ರಪಂಚದಲ್ಲೇ ಇಲ್ಲ!

ಒಂದು ಭಾನುವಾರ ಗಿರಿಜಾ ಗುಬ್ಬಿಯಲ್ಲಿರುವ ತನ್ನ ಅಕ್ಕ ನಿರ್ಮಲಮ್ಮನ ಮನೆಗೆ ಹೋದಳು. ನಾನು ರಟ್ಟಿನಲ್ಲಿ ಮಾವಿನಕಾಯಿ ಆಕಾರದ ಅಚ್ಚು ಮಾಡಿಕೊಂಡು ಸೂಟ್‌ಕೇಸು ಇಳಿಸಿದೆ. ಮೇಲಿದ್ದ ಪೀಸುಗಳಂತೂ ಕಣ್ಣು ಕುಕ್ಕುವಂತಿದ್ದವು. ಗಿಳಿಹಸಿರು, ಕುಂಕುಮ ಕೆಂಪು, ನೇರಳೆ, ಸಣ್ಣ ಜರಿ ಅಂಚು ಬೇರೆ. ಸುತ್ತಾಡುವ ಪೀಸುಗಳೂ ಇತ್ತೀಚೆಗೆ ಸುಧಾರಿಸಿವೆ ಎಂದು ಸಂತೋಷಪಟ್ಟು ಒಳಮಡಿಕೆಗೆ ಕತ್ತರಿ ಹಾಕಿದೆ. ಒಂದು ಸಲ ಕತ್ತರಿಸಿದರೆ ನಾಲ್ಕೈದು ಮಾವಿನಕಾಯಿ ಉದುರಿದವು! ಇನ್ನೊಂದು ಪೀಸಿನಲ್ಲೂ ಹಾಗೇ. ನನ್ನ ಶ್ರದ್ಧೆಗೆ ಮೆಚ್ಚಿ ಶಿವನೇ ಬಟ್ಟೆಯನ್ನು ಅಕ್ಷಯ ಮಾಡುತ್ತಿದ್ದಾನೆ ಎಂದುಕೊಂಡೆ. ಮಡಚಿದ ಬಟ್ಟೆಗೆ ಕತ್ತರಿ ಹಾಕಿದರೆ ಎಷ್ಟು ಪದರಗಳೋ ಅಷ್ಟು ತೂತು ಬೀಳುತ್ತವೆ ಎಂಬುದು ಪ್ಯಾಕಿಂಗ್ ಸೂಪರ್‌ವೈಸರನಿಗೆ ಹೊಳೆಯಲೇ ಇಲ್ಲ. ಪೀಸುಗಳನ್ನು ಮೊದಲಿನಂತೆ ಅಚ್ಚುಕಟ್ಟಾಗಿ ಮಡಚಿ ಸೂಟ್‌ಕೇಸಿಗೆ ಸೇರಿಸಿದೆ. ಮಡಚುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ತಾನೆ.

ಫೋಟೋಗಳನ್ನು ಡಬಲ್ ಸೈಡ್ ಟೇಪಿನಲ್ಲಿ ಕೂರಿಸಿದೆ. ಬಟ್ಟೆಗೆ ಮೈದಾ ಹಿಟ್ಟು ಕಾಯಿಸಿದ ಅಂಟು. ಫೋಟೋ ಸುತ್ತ ಮಾವಿನಕಾಯಿ, ಅದರ ಸುತ್ತ ಮಾವಿನಕಾಯಿ, ಜಾಗ ಉಳಿದಲ್ಲಿ ಮಾವಿನಕಾಯಿ. ಕೆಲವು ಕಡೆ ಅಕ್ಕನ ಮುಖದ ಮೇಲೂ ಸ್ವಲ್ಪ ಬಂತು. ಕಲೆ ಎಂದ ಮೇಲೆ ಅಷ್ಟು ಇದ್ದೇ ಇರುತ್ತದೆ. ಕೊನೆಗೂ ನನ್ನ ಶೈಲಿ ಸಿಕ್ಕಿತ್ತು!

ಊಟದ ದಿನ ಮನೆ ತುಂಬ ಜನ. ಒಬ್ಬಟ್ಟಿನ ಊಟ ಮುಗಿದ ಮೇಲೆ ನಾನು ಗಂಟಲು ಸರಿಮಾಡಿಕೊಂಡು ಪುಸ್ತಕವನ್ನು ಅಕ್ಕನ ಕೈಗಿಟ್ಟೆ. ಒಂದು ಭಾಷಣ ತಯಾರಿಸಿಕೊಂಡಿದ್ದೆ. "ಅಕ್ಕ, ಇದು..." ಎನ್ನುವಷ್ಟರಲ್ಲಿ ಭಾಷಣ ಒಳಗೇ ಸಿಕ್ಕಿಕೊಂಡಿತು. ಅಕ್ಕ ಪುಟ ತಿರುಗಿಸಿದಳು. ಬೆರಳಿಂದ ಒಂದು ಮಾವಿನಕಾಯಿ ಸವರಿದಳು.

"ಬಟ್ಟೆ ಚೆನ್ನಾಗೈತೆ ಕಣೋ ಸೋಮ" ಎಂದಳು.

ಅಷ್ಟೇ! ಪುಸ್ತಕ ಪಕ್ಕದಲ್ಲಿದ್ದ ಕೊತ್ತಗೆರೆ ಚಿಕ್ಕಮ್ಮನ ಕೈಗೆ ಹೋಯಿತು. ಅವರು ಕನ್ನಡಕ ಏರಿಸಿ, "ಇದ್ಯಾರ್ಲಾ ಇದು, ಮಾವಿನಕಾಯಿ ಹಿಂದೆ ಅವಿತ್ಕೊಂಡಿರೋದು?" ಎಂದು ಕೇಳಿದರು. ಅಕ್ಕ ಎಂದೆ. "ಹಂಗಾದ್ರೆ ಈ ಮೊಣಕೈ ಯಾರ್ದು?" ಅದೂ ಅಕ್ಕ ಎಂದೆ. ಜನ ಪುಸ್ತಕ ಬಿಟ್ಟು ಬಾಳೆಹಣ್ಣಿನ ಕಡೆ ತಿರುಗಿದರು. ನನ್ನ ಮುಖ ಸಣ್ಣದಾಯಿತು. ಅಕ್ಕನಿಗೆ ಹೇಳಬೇಕಾದ್ದು ಈ ಸಲವೂ ಹೇಳಿದಂತಾಗಲಿಲ್ಲ.

ಹೊರಡುವ ಹೊತ್ತಿಗೆ ಗಿರಿಜಾ ತಟ್ಟೆ ಹಿಡಿದು ಬಂದಳು. ಅರಿಶಿನ ಕುಂಕುಮ, ಎಲೆ ಅಡಿಕೆ, ಕಾಯಿ, ಬ್ಲೌಸ್ ಪೀಸು. ನನಗೇನೂ ಭಯವಿರಲಿಲ್ಲ. ಬಿಚ್ಚುವವರು ಯಾರು?

ಚಿಕ್ಕಮ್ಮ ಪೀಸನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಏನ್ ಗಿರಿಜಾ, ಇದು ಸುತ್ತೋ ಪೀಸಲ್ಲ ಕಣವ್ವ. ಹೊಲಿಸೋ ಅಂಥ ಬಟ್ಟೆ."

ಗಿರಿಜಾ ಹೆಮ್ಮೆಯಿಂದ, "ಹೌದು ಚಿಕ್ಕಮ್ಮ. ಅತ್ತಿಗೆ ಕಾರ್ಯ ಅಲ್ವಾ, ಎಲ್ಲರಿಗೂ ಹೊಸದೇ ತಂದೆ. ಇವರಿಗೂ ಹೇಳಿದ್ದೆ, ಮೊಬೈಲ್ ನೋಡ್ತಾ ಹೂಂ ಅಂದ್ರು" ಎಂದಳು.

ಪೀಸು ಇಸಿದುಕೊಳ್ಳಲು ನಾನು ಕೈ ಚಾಚಿದೆ.

"ಒಂದು ಮೀಟ್ರು ಐತಾ ನೋಡಾನ ತಡಿ" ಎಂದು ಚಿಕ್ಕಮ್ಮ ಬಟ್ಟೆ ಕೊಡವಿ, ಎರಡೂ ಕೈ ಅಗಲಿಸಿ ಹಿಡಿದರು. ಸಾಲಾಗಿ ಮಾವಿನಕಾಯಿ ತೂತುಗಳು! ಒಂದು ತೂತಿನ ಮೂಲಕ ಚಿಕ್ಕಮ್ಮನ ಕಣ್ಣು ನೇರವಾಗಿ ನನ್ನನ್ನೇ ನೋಡುತ್ತಿತ್ತು. ಉಳಿದವರೂ ಪಟಪಟನೆ ತಮ್ಮ ತಮ್ಮ ಪೀಸು ಬಿಚ್ಚಿದರು. ಹಸಿರಲ್ಲಿ ತೂತು, ಕೆಂಪಲ್ಲಿ ತೂತು, ನೇರಳೆಯಲ್ಲಿ ತೂತು.

"ಇಲಿ ಕಡಿದಿರ್ಬೇಕು" ಎಂದೆ ಮೆಲ್ಲಗೆ.

"ಒಂದೇ ಅಳತೆಗೆ ಕಡಿಯಕ್ಕೆ ಇಲಿಯೇನು ಐಟಿಐ ಮಾಡೈತಾ?" ಎಂದಳು ಅಕ್ಕ. ಎದ್ದು ಹೋಗಿ ಪುಸ್ತಕ ತಂದು, ಚಿಕ್ಕಮ್ಮನ ಗಿಳಿಹಸಿರು ಪೀಸಿನ ತೂತನ್ನು ಪುಟದ ಮೇಲಿನ ಗಿಳಿಹಸಿರು ಮಾವಿನಕಾಯಿಗೆ ಹೊಂದಿಸಿಟ್ಟಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ನನ್ನ ಅಚ್ಚು ಅಷ್ಟು ನಿಖರವಾಗಿತ್ತು.

"ಏನ್ರೀ ಇದು?" ಎಂದಳು ಗಿರಿಜಾ.

ಇಲ್ಲಿ ಸುಮ್ಮನೆ ತಪ್ಪಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಸಮರ್ಥನೆಗೆ ಇಳಿದೆ. "ಯಾರೂ ಬಿಚ್ಚಲ್ಲ ಅಂದ್ಕೊಂಡೆ ಕಣೇ. ನೀನೇ ಹೇಳಿದ್ದಲ್ಲ, ಇವು ಸುತ್ತಾ ಇರ್ತಾವೆ ಅಂತ. ನಿರ್ಮಲಕ್ಕ ಕೊಟ್ಟ ಆ ಮೆರೂನ್ ಪೀಸು ನೀನು ಚಿಕ್ಕಮ್ಮನಿಗೆ ಕೊಟ್ಟೆ, ಅವರು ಇನ್ಯಾರಿಗೋ ಕೊಟ್ಟು, ಕೊನೆಗೆ ಅದು ನಮ್ಮನೆಗೇ ಬರ್ಲಿಲ್ವಾ?"

ಇಡೀ ತಾಲ್ಲೂಕಿಗೆ ಗೊತ್ತಿದ್ದು ಯಾರೂ ಬಾಯಿ ಬಿಡದ ವಿಷಯವನ್ನು ನಾನು ನಡುಮನೆಯಲ್ಲಿ ನಿಂತು ಸಾಕ್ಷಿ ಸಮೇತ ಘೋಷಿಸಿದ್ದೆ!

ನಿರ್ಮಲಮ್ಮ ತಂಗಿಯ ಕಡೆ ತಿರುಗಿದರು. "ಹೌದೇನೇ ಗಿರಿಜಾ? ನಾನು ಪ್ರೀತಿಯಿಂದ ಕೊಟ್ಟಿದ್ದನ್ನ ದಾಟಿಸಿಬಿಟ್ಟಾ?"

ಗಿರಿಜಾ ಚಿಕ್ಕಮ್ಮನನ್ನು ನೋಡಿದಳು. ಚಿಕ್ಕಮ್ಮ ಫ್ಯಾನನ್ನು ನೋಡಿದರು. ನಾನು ಬಾಗಿಲನ್ನು ನೋಡಿದೆ.

ಆಗ ಅಕ್ಕ ನಕ್ಕಳು. ಮೊದಲು ಸೆರಗು ಬಾಯಿಗಿಟ್ಟುಕೊಂಡು, ಆಮೇಲೆ ಅದೂ ಜಾರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಬುಡ್ರೇ, ಎಲ್ಲಾರ ಮನೇಲೂ ಅದೇ ಕಥೆ. ನನ್ ಟ್ರಂಕ್ ತೆಗೆದ್ರೆ ನಿಮ್ ನಿಮ್ ಪೀಸೆಲ್ಲ ಸಿಗ್ತಾವೆ" ಎಂದಳು. ನಿರ್ಮಲಮ್ಮನಿಗೂ ನಗು ತಡೆಯಲಾಗಲಿಲ್ಲ. ಚಿಕ್ಕಮ್ಮ ಫ್ಯಾನಿನಿಂದ ಕಣ್ಣು ಇಳಿಸಿದರು.

ಜೀವನವಿಡೀ ಅಂಗನವಾಡಿಯಲ್ಲಿ ಚೂರುಪಾರು ಸೇರಿಸಿ ಆಟದ ಸಾಮಾನು ಮಾಡಿದವಳು ನನ್ನ ಅಕ್ಕ. ತೂತು ಬಿದ್ದ ಬಟ್ಟೆಯನ್ನು ತಿರುಗಿಸಿ ನೋಡಿ, "ಈ ಹಸಿರು ತೂತಿಗೆ ಕೆಂಪು ಮಾವಿನಕಾಯಿ ಇಟ್ಟು ಸುತ್ತ ಹೊಲಿಗೆ ಹಾಕ್ಸಿದ್ರೆ ಪ್ಯಾಚ್ ವರ್ಕು. ಅಂಗಡೀಲಿ ಇದಕ್ಕೇ ಜಾಸ್ತಿ ರೇಟು. ಕೀಳ್ರಿ ಅವನ್ನೆಲ್ಲ" ಎಂದು ಅಪ್ಪಣೆ ಕೊಟ್ಟಳು.

ಅಷ್ಟೇ ಸಾಕಾಯಿತು. ಹೆಂಗಸರೆಲ್ಲ ಒದ್ದೆ ಬಟ್ಟೆ ಹಿಡಿದು ನನ್ನ ಪುಸ್ತಕದ ಸುತ್ತ ಕೂತರು. ಮೈದಾ ಅಂಟು ನೀರು ತಾಗಿದ ಕೂಡಲೇ ಕೈಬಿಟ್ಟಿತು. "ನಂಗೆರಡು ನೇರಳೆ ಕೊಡು, ನೀನು ಹಸಿರು ತಗೋ." "ಈ ಜರಿ ಇರೋದು ನಂದು." ತರಕಾರಿ ಮಾರ್ಕೆಟ್ಟಿನಲ್ಲೂ ಅಂಥ ವ್ಯಾಪಾರ ನಡೆದಿರಲಿಕ್ಕಿಲ್ಲ. ನನ್ನ ಶೈಲಿಯನ್ನು ಎಲ್ಲರೂ ಉಗುರಲ್ಲಿ ಎಬ್ಬಿಸಿ, ಹಂಚಿಕೊಂಡು, ಬ್ಯಾಗಿಗೆ ಹಾಕಿಕೊಂಡರು. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಅಷ್ಟು ದಿನಗಳ ಕೆಲಸ ಕಣ್ಣೆದುರೇ ಖಾಲಿಯಾಗುತ್ತಿತ್ತು.

ಎಲ್ಲ ಮುಗಿದಾಗ ಉಳಿದದ್ದು ದಪ್ಪ ಹಾಳೆ, ಅದರ ಮೇಲೆ ಬರೀ ಫೋಟೋ. ಅಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಮೊದಲಿನಿಂದ ತಿರುಗಿಸಿದಳು. ಈ ಸಲ ನಿಧಾನವಾಗಿ. ಒಂದು ಪುಟದ ಹತ್ತಿರ ಕೈ ನಿಂತಿತು. ನಿಟ್ಟೂರು ಸ್ಟೇಷನ್ನಿನಲ್ಲಿ ಭಾವ ತೆಗೆದ ಫೋಟೋ. ನಾನು ಕ್ಯಾರಿಯರ್ ಹಿಡಿದು, ಹೀರೋ ತರ ಕ್ಯಾಮೆರಾ ನೋಡುತ್ತಿದ್ದೇನೆ. ಅರ್ಧ ಗಂಟೆ ಹಿಂದಿನವರೆಗೆ ದೊಡ್ಡದೊಂದು ಕೆಂಪು ಮಾವಿನಕಾಯಿ ಇದ್ದ ಜಾಗದಲ್ಲಿ ಅಕ್ಕ ನಿಂತಿದ್ದಾಳೆ. ಅವಳು ಕ್ಯಾಮೆರಾ ನೋಡುತ್ತಿಲ್ಲ, ನನ್ನನ್ನು ನೋಡುತ್ತಿದ್ದಾಳೆ.

"ಇದು ನಾನೇನೋ?" ಎಂದಳು. "ಎಷ್ಟು ಸಣ್ಣಗಿದ್ದೆ! ಈ ಫೋಟೋ ನಾನು ನೋಡೇ ಇರ್ಲಿಲ್ಲ ಕಣೋ."

ನಾನು ಅವಳ ಪಕ್ಕ ಹೋಗಿ ಕೂತೆ. ತಯಾರಿಸಿದ್ದ ಭಾಷಣದಲ್ಲಿ ಒಂದು ಪದವೂ ನೆನಪಿಗೆ ಬರಲಿಲ್ಲ. "ಅಕ್ಕ, ಆ ಕ್ಯಾರಿಯರ್ ನೀನು ಕಟ್ಟಿಲ್ದಿದ್ರೆ ನಾನು ಏನೂ ಆಗ್ತಿರ್ಲಿಲ್ಲ. ಥ್ಯಾಂಕ್ಸ್ ಕಣಕ್ಕ" ಎಂದುಬಿಟ್ಟೆ.

ಅಕ್ಕ ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು. "ಗಿರಿಜಾ, ಇವ್ನಿಗೆ ಒಂದು ಲೋಟ ಮಜ್ಜಿಗೆ ಕೊಡೇ" ಎಂದಳು. ಆದರೆ ಹಣೆಯಿಂದ ಕೈ ತೆಗೆಯಲು ತಡಮಾಡಿದಳು. ಅವಳಿಗೆ ಕೇಳಿಸಿತ್ತು. ನನಗೆ ಅಷ್ಟು ಸಾಕಿತ್ತು.

ಆ ಹೆಂಗಸರಿಗೆಲ್ಲ ನಾನು ಇವತ್ತಿಗೂ ಕೃತಜ್ಞ. ಒಬ್ಬರೂ ಮುನಿಸಿಕೊಳ್ಳಲಿಲ್ಲ. ಕೊತ್ತಗೆರೆ ಚಿಕ್ಕಮ್ಮ ಎಲ್ಲರಿಗಿಂತ ಮೊದಲು ಹೊಲಿಸಿ, ಹಾಕಿಕೊಂಡು, ಬೆನ್ನು ತಿರುಗಿಸಿ ನಿಂತು ಫೋಟೋ ಕಳಿಸಿದರು. ಗಿರಿಜಾ ಕೂಡ ಒಂದು ವಾರ ಮಾತ್ರ ಮಾತು ಬಿಟ್ಟಿದ್ದಳು. ಆಮೇಲೆ ಸೂಟ್‌ಕೇಸಿಗೆ ಬೀಗ ತಂದಳು.

ಮೊನ್ನೆ ನಿಟ್ಟೂರಿಗೆ ಹೋಗಿದ್ದೆ. ಪುಸ್ತಕ ನಡುಮನೆಯ ಟೀಪಾಯಿ ಮೇಲೆಯೇ ಇತ್ತು. ಅಕ್ಕನ ಪಕ್ಕದ ಮನೆಯವರು ಬಂದು, ಒಂದೊಂದೇ ಪುಟ ತಿರುಗಿಸಿ, "ಎಷ್ಟು ನೀಟಾಗೈತೆ ಟೀಚರ್! ಯಾರು ಮಾಡಿದ್ದು?" ಎಂದು ಕೇಳಿದರು.

"ನಮ್ಮ ತಮ್ಮ. ಅವ್ನಿಗೆ ಆಡಂಬರ ಅಂದ್ರೆ ಆಗಲ್ಲ. ಮೊದಲಿಂದ್ಲೂ ಅವ್ನ ಸ್ಟೈಲೇ ಅಂಗೆ, ಸಿಂಪಲ್ಲು" ಎಂದಳು ಅಕ್ಕ, ಒಂದಿಷ್ಟೂ ನಗದೆ.

ನಾನು ವಿನಯದಿಂದ ತಲೆ ತಗ್ಗಿಸಿದೆ. ನನ್ನ ಶೈಲಿ ಕೊನೆಗೂ ಪತ್ತೆಯಾಗಿತ್ತು: ನಾನು ಮಾಡಿದ್ದನ್ನೆಲ್ಲ ಕಿತ್ತುಹಾಕಿದ ಮೇಲೆ ಉಳಿಯುವುದೇ ಅದು!